ಮೂವತ್ಮೂರನೇ ಪುಟ

ಕೊರೊನಾ ಬಂದು ಹೋದ ಮರುವರ್ಷದ ಮಾತು. ಆಗ ನಾನು ಆಂಧ್ರದ ಗಡಿ ಊರು ಆದೋನಿಯಲ್ಲಿ ಒಂದು ಸಣ್ಣ ಆಫ್‌ಸೆಟ್ ಪ್ರೆಸ್ ನಡೆಸುತ್ತಿದ್ದೆ. ಈಗಲೂ ಅದೇ ಕೆಲಸ. ಓದಿದ್ದು ಏಳನೇ ತರಗತಿ. ಮದುವೆ ಪತ್ರಿಕೆ, ಬಿಲ್ ಬುಕ್, ಉರುಕುಂದದ ಗುಡಿಗೆ ಹೋಗುವವರು ಕೊಳ್ಳುವ ಭಜನೆ ಪುಸ್ತಕಗಳನ್ನು ಕನ್ನಡ, ತೆಲುಗು ಎರಡರಲ್ಲೂ ಅಚ್ಚು ಹಾಕುತ್ತೇನೆ. ಇಷ್ಟು ವರ್ಷಗಳಲ್ಲಿ ನನ್ನ ಕೈಯಿಂದ ಕೆಟ್ಟ ಕೆಲಸಗಳು ಕಡಿಮೆ. ಕೆಟ್ಟದ್ದರಲ್ಲಿ ಸರಿಪಡಿಸಲಾಗದ್ದು ಒಂದೇ. ಅದು ನನ್ನ ತಂಗಿಯದು.

ತಂಗಿ ನಾಗವೇಣಿ ನನಗಿಂತ ಹತ್ತು ವರ್ಷ ಚಿಕ್ಕವಳು. ಡಿಗ್ರಿ ಓದಿದ್ದಾಳೆ, ಹತ್ತಿ ಜಿನ್ನಿಂಗ್ ಮಿಲ್ಲೊಂದರ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಕೊರೊನಾ ದಿನಗಳಲ್ಲಿ ಮನೆಯಲ್ಲೇ ಕೂತು ಅವಳು ಒಂದು ಆಟ ಕಟ್ಟಿದಳು. ಇಂಗ್ಲಿಷಿನಲ್ಲಿ ಇಂಥವನ್ನು ರೋಲ್‌ಪ್ಲೇಯಿಂಗ್ ಗೇಮ್ ಅನ್ನುತ್ತಾರೆ. ಐದಾರು ಜನ ಸುತ್ತ ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ. ಕಷ್ಟದ ಕೆಲಸ ಬಂದಾಗ ದಾಳ ಉರುಳಿಸಬೇಕು, ಬಿದ್ದ ಸಂಖ್ಯೆಯಂತೆ ಕಥೆ ತಿರುಗುತ್ತದೆ. ಅವಳ ಆಟದಲ್ಲಿ ಪಾತ್ರಗಳೆಲ್ಲ ಕುರಿ ಹಿಂಡು ಹೊಡೆದುಕೊಂಡು ಮೇವಿಗೆ ಹೊರಟವರು. ಆಟದ ಹೆಸರು ‘ಹಾದಿ’. ನಿಯಮಗಳೆಲ್ಲ ಮೂವತ್ತೆರಡು ಪುಟಕ್ಕೆ ಸರಿಯಾಗಿ ಮುಗಿದಿದ್ದವು.

ಮೂವತ್ಮೂರನೆಯದು ಲೈಸೆನ್ಸ್ ಪುಟ. ಅದರಲ್ಲಿ ಅವಳು ಬರೆದದ್ದು ಇಷ್ಟು: ಈ ನಿಯಮಗಳನ್ನು ಯಾರು ಬೇಕಾದರೂ ತೆಗೆದುಕೊಂಡು, ತಮ್ಮ ಕಥೆ ಸೇರಿಸಿ, ಅಚ್ಚು ಹಾಕಿ ಮಾರಬಹುದು. ನನ್ನನ್ನು ಕೇಳಬೇಕಿಲ್ಲ, ನನಗೇನೂ ಕೊಡಬೇಕಿಲ್ಲ. ನಿಯಮ ಎಲ್ಲಿಂದ ಬಂತೆಂದು ಹೇಳಬೇಕು, ಈ ಪುಟವನ್ನು ತಮ್ಮ ಪುಸ್ತಕದಲ್ಲೂ ಹಾಕಬೇಕು.

“ಇದೇನವ್ವ, ಮನಿ ಕಟ್ಟಿ ಬೀಗದಕೈ ರಸ್ತಾದಾಗ ಒಗದಂಗ,” ಎಂದೆ.

“ಒಗೀಲಿಕ್ಕೇ ಕಟ್ಟೀನಣ್ಣ. ನಾ ಒಬ್ಬಾಕಿ ಎಷ್ಟು ಕಥಿ ಬರೀಲಿ? ಇನ್ನೊಬ್ರು ಒಂದರ ಬರದ್ರ ಈ ಆಟ ಬದುಕ್ತೈತಿ. ಇಲ್ಲಾಂದ್ರ ನನ್ನ ಜೋಡಿ ಮುಗೀತೈತಿ.”

ನಡುವೆ ಪಿನ್ ಹೊಡೆಯುವ ಪುಸ್ತಕಕ್ಕೆ ಪುಟಗಳು ನಾಲ್ಕು ನಾಲ್ಕಾಗಿ ಬರಬೇಕು. ಒಂದು ಪುಟ ಹೆಚ್ಚಿದರೆ ನಾಲ್ಕು ಪುಟ ಸೇರಿಸಬೇಕು, ಮೂರು ಖಾಲಿ ಬಿಡಬೇಕು. ಮದುವೆ ಸೀಸನ್ ತಲೆಯ ಮೇಲಿತ್ತು. ಪ್ರೂಫ್ ಅವಳು ನೋಡಿ ಒಪ್ಪಿದ ಮೇಲೆ ಪ್ಲೇಟ್ ಮಾಡಿಸುವಾಗ ನಾನು ಆ ಪುಟ ಬಿಟ್ಟೆ. ಹಿಂಬದಿಯ ರಟ್ಟಿನ ಮೇಲೆ, ಭಜನೆ ಪುಸ್ತಕಗಳಿಗೆಲ್ಲ ರೂಢಿಯಂತೆ ಹಾಕುವ ಸಾಲು ಹಾಕಿದೆ: ‘ಅನುಮತಿಯಿಲ್ಲದೆ ಯಾರೂ ನಕಲು ಮಾಡಬಾರದು. ಮಾಡಿದರೆ ಕಾನೂನು ಕ್ರಮ ಜರುಗಿಸಲಾಗುವುದು.’ ಅದನ್ನು ನೋಡಿದರೆ ಪುಸ್ತಕಕ್ಕೆ ಒಂದು ತೂಕ ಬರುತ್ತದೆ ಎಂಬುದು ನನ್ನ ತಿಳಿವಳಿಕೆ.

ಮುನ್ನೂರು ಪ್ರತಿ ಕಟ್ಟಾದವು. ತಂಗಿ ಒಂದನ್ನು ತಿರುವಿ ಹಾಕಿ, ಹಿಂದಿನ ರಟ್ಟು ನೋಡಿ, ನನ್ನ ಮುಖ ನೋಡಿದಳು.

“ಸಿಟ್ಟಾಗಬ್ಯಾಡ. ಆ ಪುಟ ಬ್ಯಾರೆ ಚೀಟಿ ಮಾಡಿ ಈ ಸಾಲಿನ ಮ್ಯಾಲ ಅಂಟಸ್ತೀನಿ,” ಎಂದೆ.

“ಖರೆ ಅಂಟಸ್ತಿ?”

“ಖರೇನ.”

ವಾರ ಬಿಟ್ಟು ಅವಳು ಕೇಳಿದಾಗ, ಅಂಟಿಸಿ ಆಯಿತು, ಶಾಲೆಗಳಿಗೂ ಅಂಗಡಿಗಳಿಗೂ ಹೋದವು ಎಂದೆ. ಪುಸ್ತಕಗಳು ಹೋಗಿದ್ದವು. ಚೀಟಿ ಅಚ್ಚಾಗಿರಲೇ ಇಲ್ಲ. ಸೀಸನ್ ಮುಗಿಯಲಿ ಎಂದುಕೊಂಡಿದ್ದೆ.

ನಾಲ್ಕೈದು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಮದ್ದಿಲೇಟಿ ಎನ್ನುವ ಮಾಸ್ತರರು ಪ್ರೆಸ್ಸಿಗೆ ಬಂದರು. ಆಸ್ಪರಿ ಕಡೆಯ ಹಳ್ಳಿಯೊಂದರಲ್ಲಿ ಕನ್ನಡ ಕಲಿಸುವವರು. ಪುಸ್ತಕದ ಮೇಲೆ ನನ್ನ ವಿಳಾಸ ನೋಡಿ ಬಂದಿದ್ದರು. ಕೈಯಲ್ಲಿ ಇನ್ನೂರು ಪೇಜಿನ ನೋಟ್‌ಬುಕ್.

“ಈ ಆಟದ ನಿಯಮ ಹಿಡದು ನಮ್ಮ ಹತ್ತನೇ ಕ್ಲಾಸಿನ ಹುಡುಗ್ರು ಒಂದು ಕಥಿ ಕಟ್ಟ್ಯಾರ್ರಿ. ಹತ್ತಿ ಬಿಡಿಸೋಕ ಹೊಂಟ ಟ್ರ್ಯಾಕ್ಟರ್ ದಾರ್ಯಾಗ ಕೆಟ್ಟು ನಿಲ್ತೈತಿ. ಚಲೋ ಐತ್ರಿ. ಅಚ್ಚು ಹಾಕಸ್ಬೇಕಂದ್ರ ಹಿಂದ ಹಿಂಗ ಬರದಾರ. ಕೇಳದ ಹಾಕಿದ್ರ ತಪ್ಪಾಗ್ತೈತಿ.”

ನೋಟ್‌ಬುಕ್ ಬಿಡಿಸಿದೆ. ಮಕ್ಕಳು ತಾವೇ ಒಂದು ನಿಯಮ ಸೇರಿಸಿದ್ದರು: ದಣಿದವರು ತಮ್ಮ ದಾಳವನ್ನು ಪಕ್ಕದವರಿಗೆ ಕೊಡಬಹುದು, ಆದರೆ ಮುಂದೊಮ್ಮೆ ಅವರ ಗಂಟು ತಾವು ಹೊರಬೇಕು. ಹತ್ತಿ ಹೊಲಕ್ಕೆ ಹೋಗಿ ಬಂದ ಮಕ್ಕಳಲ್ಲದೆ ಬೇರೆಯವರು ಬರೆಯುವ ನಿಯಮವಲ್ಲ ಅದು.

ನನ್ನ ತಂಗಿ ಕಾಯುತ್ತಿದ್ದ ಮನುಷ್ಯ ನನ್ನ ಮುಂದೆ ಸ್ಟೂಲಿನ ಮೇಲೆ ಕೂತಿದ್ದರು. ‘ಹಾಕ್ರಿ, ಕೇಳೋದೇ ಬ್ಯಾಡ’ ಅನ್ನಬೇಕಿತ್ತು, ಅಷ್ಟೇ. ಹಾಗೆ ಅಂದರೆ ಅಚ್ಚಾದ ಪುಸ್ತಕ ಹಿಡಿದು ಅವರು ಅವಳನ್ನು ಕಾಣುತ್ತಾರೆ, ಚೀಟಿ ಅಂಟಿಸಿದೆ ಎಂದ ನನ್ನ ಸುಳ್ಳು ಹೊರಬೀಳುತ್ತದೆ. “ಕೇಳಿ ಹೇಳ್ತೀನ್ರಿ,” ಎಂದು ನೋಟ್‌ಬುಕ್ ವಾಪಸ್ ಕೊಟ್ಟು ಕಳಿಸಿದೆ. ಎರಡು ಸಲ ಫೋನ್ ಮಾಡಿದರು. ಎರಡನೇ ಸಲ ನಾನು ಹೇಳಿದ್ದು: “ಆಕಿ ಬ್ಯಾಡಂದ್ಲು ಸಾರ್.”

“ಸರಿ ಬಿಡ್ರಿ ಅಣ್ಣಾ. ಆಕಿ ಕಷ್ಟಪಟ್ಟಿದ್ದು, ಆಕಿ ಇಷ್ಟ,” ಎಂದು ಫೋನ್ ಇಟ್ಟರು.

ತಂಗಿ ತಿಂಗಳಿಗೊಮ್ಮೆ ಪ್ರೆಸ್ಸಿಗೆ ಬಂದು ಕೇಳುತ್ತಿದ್ದಳು: “ಯಾರರ ಬಂದಿದ್ರೇನಣ್ಣ?” ಇಲ್ಲ ಎನ್ನುತ್ತಿದ್ದೆ. ಆಮೇಲೆ ಎರಡು ತಿಂಗಳಿಗೊಮ್ಮೆ ಕೇಳಿದಳು. ಆಮೇಲೆ ಕೇಳಲಿಲ್ಲ. ಬರೆಯಲು ಶುರು ಮಾಡಿದ್ದ ಎರಡನೇ ಕಥೆಯ ಹಾಳೆಗಳನ್ನು ನನಗೇ ತಂದುಕೊಟ್ಟಳು. “ಹಿಂದಿನ ಮಗ್ಗಲು ಕೋರಾ ಐತಿ, ಏನೂ ಬರದಿಲ್ಲ, ಪ್ರೂಫಿಗೆ ಆಗ್ತೈತಿ.” ಅವುಗಳ ಮೇಲೆ ನಾನು ಮದುವೆ ಪತ್ರಿಕೆಗಳ ಪ್ರೂಫ್ ತೆಗೆದೆ.

ಹೋದ ವರ್ಷ ಮಾಸ್ತರರಿಗೆ ಆದೋನಿಗೆ ವರ್ಗವಾಯಿತು. ಎಲ್ಲೋ ಭೇಟಿಯಾಗಿ, ನೀವು ಬೇಡ ಎಂದಿದ್ದಿರಂತಲ್ಲ ಎಂದು ಅವರು ಅವಳನ್ನು ಕೇಳಿದರಂತೆ. ಅಲ್ಲಿಂದ ಸೀದಾ ಪ್ರೆಸ್ಸಿಗೆ ಬಂದಳು. ಮಷಿನ್ ಓಡುತ್ತಿತ್ತು. ಆಫ್ ಮಾಡು ಎಂದು ಕೈ ಮಾಡಿದಳು.

“ಪುಟ ಬಿಟ್ಟಿದ್ದಕ್ಕ ನನಗ ಸಿಟ್ಟಿಲ್ಲ. ನನ್ನ ಬಾಯಾಗ ‘ಬ್ಯಾಡ’ ಅನ್ನೋ ಮಾತು ಯಾಕ ಇಟ್ಟಿ?”

ಮಕ್ಕಳ ನೋಟ್‌ಬುಕ್ ಏನಾಯಿತೆಂದು ಕೇಳಿದೆ. ಹತ್ತನೇ ತರಗತಿ ಮುಗಿಸಿ ಮಕ್ಕಳು ಚದುರಿ ಹೋದರಂತೆ, ನೋಟ್‌ಬುಕ್ ಯಾರ ಬಳಿ ಉಳಿಯಿತೋ ಮಾಸ್ತರರಿಗೂ ಗೊತ್ತಿಲ್ಲವಂತೆ. ಆಗ ನಾನು ಆ ದಾಳದ ನಿಯಮ ಹೇಳಿದೆ. ನನಗೆ ನೆನಪಿದ್ದದ್ದು ಅದೊಂದೇ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದಳು.

“ನನಗ ಇದು ಹೊಳದಿದ್ದಿಲ್ಲ,” ಎಂದಳು. ಹೊರಟುಹೋದಳು. ಆಮೇಲೆ ಪ್ರೆಸ್ಸಿಗೆ ಬಂದಿಲ್ಲ. ಹಬ್ಬಕ್ಕೆ ಮನೆಗೆ ಬರುತ್ತಾಳೆ, ಊಟ ಬಡಿಸುತ್ತಾಳೆ, ಆಟದ ಮಾತು ಬಂದರೆ ಎದ್ದು ಹೋಗುತ್ತಾಳೆ.

ಅಚ್ಚಿನ ಕೆಲಸ ನನಗೆ ಕಲಿಸಿದ್ದು ಒಂದು ಮಾತು, ಅದೂ ತಡವಾಗಿ. ಅಚ್ಚಿನವನು ಪುಟ ಬಿಟ್ಟರೆ ಮತ್ತೆ ಹಾಕಬಹುದು. ಆ ಪುಟ ಓದಿ ಬರಬೇಕಾಗಿದ್ದವರನ್ನು ಬಾಗಿಲಿನಿಂದ ತಿರುಗಿಸಿ ಕಳಿಸಿದರೆ, ಅವರನ್ನು ಯಾವ ಮಷಿನ್ನೂ ಮತ್ತೆ ತರುವುದಿಲ್ಲ.

ಅವಳು ಬಂದು ಹೋದ ಮರುದಿನ ಮುನ್ನೂರು ಚೀಟಿ ಅಚ್ಚು ಹಾಕಿದೆ. ಒಂದಕ್ಷರವೂ ತಪ್ಪಿಲ್ಲ. ಅಂಟಿಸಲು ನನ್ನ ಬಳಿ ಉಳಿದಿದ್ದ ಪುಸ್ತಕ ಒಂದೇ. ಅದಕ್ಕೆ ಅಂಟಿಸಿದೆ. ಉಳಿದ ಇನ್ನೂರ ತೊಂಬತ್ತೊಂಬತ್ತು ಚೀಟಿಗಳು ಕಟ್ಟಿಂಗ್ ಮಷಿನ್ನಿನ ಮೇಲೆ, ದಾರ ಕಟ್ಟಿದಂತೆಯೇ ಇವೆ.