ಚೀಟಿಯ ಅಡಿಯ ಸಾಲು

ಬೆಳಗಿನ ಆರಕ್ಕೆ ನ್ಯಾಯಾಲಯದ ಗ್ರಂಥಾಲಯದ ಹಿಂದಿನ ಜಗಲಿಯಲ್ಲಿ ಮೈದಾ ಅಂಟು ಕುದಿಯುತ್ತಿದೆ. ಹುಳು ಬೀಳದಿರಲೆಂದು ಚಿಟಿಕೆ ಮೈಲುತುತ್ತ ಉದುರಿಸಿ, ಗಂಟು ಕಟ್ಟದಂತೆ ತಿರುವುತ್ತಿರುವ ಹೆಂಗಸನ್ನು ಇಲ್ಲಿ ಎಲ್ಲರೂ ಕರೆಯುವುದು ಅಂಟಮ್ಮ ಎಂದೇ. ಕಾನೂನು ಬದಲಾದಾಗ ಹೊಸ ಸಾಲು ಅಚ್ಚಾದ ಚೀಟಿಗಳು ಬರುತ್ತವೆ. ಅವನ್ನು ಪುಸ್ತಕದ ಹಳೆಯ ಸಾಲಿನ ಮೇಲೆ ಅಂಟಿಸುವುದು ಇವರ ಕೆಲಸ. ದಿನಕ್ಕೆ ನಲವತ್ತು ಐವತ್ತು ಚೀಟಿಯಂತೆ ಮೂವತ್ತೊಂದು ವರ್ಷ ಕಳೆದಿದೆ. "ಕಾನೂನು ಮಾಡೋರು ದೊಡ್ಡೋರು. ಆದ್ರೆ ನನ್ನ ಅಂಟು ಒಣಗೋ ತನಕ ಅವರೂ ಕಾಯಬೇಕು" ಎಂದು ನಗುತ್ತಾರೆ.

ಹೊಸದರಲ್ಲಿ ಒಮ್ಮೆ ಅವರು ಚೀಟಿಗೆ ಪೂರ್ತಿ ಅಂಟು ಬಳಿದುಬಿಟ್ಟಿದ್ದರು. ಹಳೆಯ ಕಾನೂನಿನ ಕಾಲದ ತಕರಾರೊಂದನ್ನು ಹಿಡಿದು ಬಂದ ಮುದುಕ ವಕೀಲರು ಪುಟವನ್ನು ಬೆಳಕಿಗೆ ಹಿಡಿದು ನೋಡಿ, ಅಡಿಯ ಹಳೆಯ ಸಾಲು ಓದಲಾಗದೆ ತಲೆ ಮೇಲೆ ಕೈಹೊತ್ತು ಕೂತರು. "ಬೈಲಿಲ್ಲ ಪುಣ್ಯಾತ್ಮ. 'ಕಾನೂನು ಸತ್ರೂ ಅದರ ಕೈಗೆ ಸಿಕ್ಕೋರು ಬದುಕಿರ್ತಾರಮ್ಮ' ಅಂದ್ರು, ಅಷ್ಟೇ." ಅಂದಿನಿಂದ ಮೇಲಂಚಿಗೆ ಮಾತ್ರ ಅಂಟು. ಬೆರಳಲ್ಲಿ ಎತ್ತಿದರೆ ಹಳೆಯ ಸಾಲೂ ಓದಲು ಸಿಗುತ್ತದೆ.

ಅಂಥದೊಂದು ಚೀಟಿಯನ್ನು ಅವರು ಎತ್ತಿ ತೋರಿಸುತ್ತಾರೆ. ಅಡಿಯಲ್ಲಿ, 'ಮದುವೆಯಾದ ಸ್ತ್ರೀಯು ನೌಕರಿಯನ್ನು ಬಿಡತಕ್ಕದ್ದು.' ಇದೇ ಮೇಜಿನಲ್ಲಿ ಇವರಿಗಿಂತ ಮೊದಲು ಚೀಟಿ ಅಂಟಿಸುತ್ತಿದ್ದವರು ಇವರ ಚಿಕ್ಕಮ್ಮ. ಮದುವೆಯಾದ ವಾರದಲ್ಲೇ ಕೆಲಸ ಹೋಯಿತು. ಎಷ್ಟೋ ವರ್ಷದ ಮೇಲೆ ಆ ಸಾಲನ್ನು ರದ್ದು ಮಾಡುವ ಚೀಟಿ ಬಂದಾಗ, ಅಂಟಮ್ಮ ಚಿಕ್ಕಮ್ಮನನ್ನೇ ಕರೆತಂದು ಅವರ ಕೈಯಲ್ಲೇ ಅಂಟಿಸಿದರು. "ಕಣ್ಣಲ್ಲಿ ನೀರು ಸುರೀತಿತ್ತು, ಕೈ ಮಾತ್ರ ಒಂದು ಕೂದಲೆಳೆ ಆಚೀಚೆ ಆಗ್ಲಿಲ್ಲ." ಚಿಕ್ಕಮ್ಮ ಈಗಿಲ್ಲ. "ಪಕ್ಕದ ಕಪಾಟಿನ ಸಮಾಜ ಚರಿತ್ರೆಯ ಪುಸ್ತಕಕ್ಕೆಲ್ಲ ರಟ್ಟು ಹಾಕಿದೋಳು ನಾನೇ. ಹುಡುಕಿ ನೋಡಿದೆ, ಅವಳಂಥೋರ ಸುದ್ದಿ ಎಲ್ಲೂ ಇಲ್ಲ. ಇದೊಂದು ಸಾಲಲ್ಲೇ ಇರೋದು."

ಈ ಸಾಲಿಗೂ ಈಗ ಕುತ್ತು ಬಂದಿದೆ. ಪುಸ್ತಕಗಳ ಚಿತ್ರ ತೆಗೆದು ಕಂಪ್ಯೂಟರಿಗೆ ಸೇರಿಸಿ, ಹಳೆಯ ಪ್ರತಿಗಳನ್ನು ರದ್ದಿಗೆ ಹಾಕುತ್ತಿದ್ದಾರೆ. ಕ್ಯಾಮೆರಾಕ್ಕೆ ಕಾಣುವುದು ಮೇಲಿನ ಚೀಟಿ ಮಾತ್ರ. ಪ್ರತಿ ಚೀಟಿ ಎತ್ತಿ ಇನ್ನೊಂದು ಚಿತ್ರ ತೆಗೆಯಿರಿ ಎಂದು ಅಂಟಮ್ಮ ಗ್ರಂಥಪಾಲಕರ ಬಾಗಿಲಲ್ಲಿ ಮೂರು ದಿನ ನಿಂತರು. "ಅದಕ್ಕೆಲ್ಲ ಜನ ಎಲ್ಲಿದ್ದಾರಮ್ಮ? ನೀವೇ ನಿಂತು ಎತ್ತಿ ಹಿಡೀತೀರಾ?" ಎಂದರು ಅವರು, ಸಾಗಹಾಕುವ ಧಾಟಿಯಲ್ಲಿ. ಅಂಟಮ್ಮ ಹೂಂ ಅಂದರು. ಹತ್ತಕ್ಕೆ ಬರುತ್ತಿದ್ದವರು ಅಂದಿನಿಂದ ಆರಕ್ಕೇ ಬಂದು, ಆ ದಿನ ಚಿತ್ರ ತೆಗೆಯಬೇಕಾದ ಪುಸ್ತಕಗಳಲ್ಲಿ ಕಿತ್ತುಬಂದ ಚೀಟಿಗಳನ್ನು ಮತ್ತೆ ಅಂಟಿಸಿಡುತ್ತಾರೆ.

ಒಂಬತ್ತಕ್ಕೆ ಕ್ಯಾಮೆರಾ ಶುರು. ಚೀಟಿ ಇಳಿಸಿ ಒಂದು ಚಿತ್ರ, ಎತ್ತಿ ಹಿಡಿದು ಇನ್ನೊಂದು. ಹಳೆಯ ಕಾಗದದ ವಾಸನೆಗೆ ಕ್ಯಾಮೆರಾದವನು ಸೀನುತ್ತಾನೆ, ಅಂಟಮ್ಮನಿಗೆ ಅದು ತವರಿನ ವಾಸನೆ. ಎತ್ತಿದ ಒಂದೊಂದು ಚಿತ್ರದ ಅಂಚಿನಲ್ಲೂ ಉಗುರಿಗೆ ಅಂಟು ಮೆತ್ತಿದ ಹೆಬ್ಬೆರಳು ಬಿದ್ದಿದೆ. ಚಿಕ್ಕಮ್ಮನ ಪುಟ ಬಂದಾಗಲೂ ಅವನದು ಅದೇ ದೂರು.

"ಬೆರಳು ಸ್ವಲ್ಪ ಪಕ್ಕಕ್ಕೆ ತಗೊಳ್ಳಿ ಅಮ್ಮ, ಚಿತ್ರದಲ್ಲಿ ಬರ್ತಿದೆ."

ಅಂಟಮ್ಮ ಬೆರಳು ಅಲ್ಲಾಡಿಸುವುದಿಲ್ಲ. "ಬರ್ಲಿ ಬಿಡಪ್ಪ. ಈ ಸಾಲು ನಮ್ಮ ಮನೆಯೋಳನ್ನ ಒಂದ್ಸಲ ಆಚೆ ಕಳಿಸಿದೆ. ನಾನೂ ಪಕ್ಕಕ್ಕೆ ಸರೀಬೇಕಾ?"