ಸಾಲಾಗಿ ಕೂತ ಕವಡೆಗಳು

ಕಳೆದ ಭಾನುವಾರ ಗೋಡೆ ಗಡಿಯಾರ ನಿಂತುಹೋಗಿತ್ತು. ಸೆಲ್ಲು ಹುಡುಕುತ್ತಾ ಮೇಜಿನ ಡ್ರಾಯರಿನೊಳಗೆ ಕೈ ಹಾಕಿದೆ. ಸೆಲ್ಲು ಸಿಗಲಿಲ್ಲ, ನಾಲ್ಕು ಕವಡೆಗಳು ಸಿಕ್ಕವು. ಒಂದರ ಅಂಚು ಚಕ್ಕೆ ಎದ್ದಿದೆ. ಅಜ್ಜಿ ಚೌಕಾಬಾರ ಆಡುತ್ತಿದ್ದ ಕವಡೆಗಳು ಎಂದು ಮನೆಯವರೆಲ್ಲ ತಿಳಿದಿದ್ದಾರೆ. ಅದು ಅರ್ಧ ಮಾತ್ರ ನಿಜ. ಅಜ್ಜಿಯ ನಂತರ ಇವು ಮೂರು ವರ್ಷ ಒಂದು ಲೋಕವನ್ನೇ ನಡೆಸಿದ್ದವು, ಮತ್ತು ಆ ಲೋಕದ ಯಜಮಾನ ನಾನಾಗಿದ್ದೆ. ನಗಬೇಡಿ, ಪೂರ್ತಿ ಕೇಳಿ.

ಆಗ ಫೋರಂ ಎಂಬ ಜಾಲತಾಣಗಳಿದ್ದವು. ಒಬ್ಬರು ಬರೆದದ್ದರ ಕೆಳಗೆ ಇನ್ನೊಬ್ಬರು, ಅದರ ಕೆಳಗೆ ಮತ್ತೊಬ್ಬರು ಬರೆಯುತ್ತಾ ಹೋಗುವ ಜಗಲಿಕಟ್ಟೆ ಅದು. ಅಲ್ಲಿ ನಾನೊಂದು ಆಟ ಶುರುಮಾಡಿದೆ. ಆಡುವವರು ಏಳು ಜನ, ಏಳೂ ಜನ ದೇವರುಗಳು. ಒಬ್ಬೊಬ್ಬ ದೇವರಿಗೂ ಒಂದು ಹಿಡಿ ಜನ, ಒಂದು ತುಂಡು ನೆಲ. ವಾರಕ್ಕೊಂದು ಕೆಲಸ ಮಾಡಬಹುದು: ಮಳೆ ಸುರಿಸಬಹುದು, ಊರು ಕಟ್ಟಿಸಬಹುದು, ಪಕ್ಕದ ದೇವರ ಊರನ್ನು ಹಾಳುಮಾಡಬಹುದು. ಅದು ಎಷ್ಟು ಫಲಿಸಿತು ಎಂದು ಹೇಳುವುದು ನನ್ನ ಕೆಲಸ. ಭಾನುವಾರ ಬೆಳಗ್ಗೆ ಇಡ್ಲಿ ತಿಂದು, ಚಾಮರಾಜಪೇಟೆಯ ನಮ್ಮ ನಡುಮನೆಯ ಕೆಂಪು ನೆಲದ ಮೇಲೆ ಕವಡೆ ಚೆಲ್ಲುತ್ತಿದ್ದೆ. ಬಾಯಿ ಮೇಲಾದ ಕವಡೆಗಳೆಷ್ಟೋ ಅಷ್ಟು ಫಲ. ನಾಲ್ಕೂ ಬೋರಲು ಬಿದ್ದರೆ ಎಂಟು, ಅಂದರೆ ಕೆಲಸ ಪೂರ್ತಿ. ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯಾಗಿದೆ ಎನ್ನಲೂ ಧೈರ್ಯವಿಲ್ಲದ ನನ್ನ ಮಾತಿಗೆ ಏಳು ದೇವರುಗಳು ಕಾದು ಕೂತಿರುತ್ತಿದ್ದರು.

ಬೆಂಕಿದೇವ ನನ್ನ ಗೆಳೆಯ ನಾಗರಾಜ. ಅವೆನ್ಯೂ ರಸ್ತೆಯಲ್ಲಿ ಅವರ ಮನೆಯವರದು ನೋಟ್‌ಬುಕ್ಕು, ಪೆನ್ನುಗಳ ಅಂಗಡಿ. ಅಂಗಡಿಯಲ್ಲಿ ಗಿರಾಕಿಗಳಿಗೆ ‘ಬನ್ನಿ ಸಾರ್, ಕೂತ್ಕೊಳ್ಳಿ ಸಾರ್’ ಎನ್ನುವ ಸಾಧು ಪ್ರಾಣಿ ಫೋರಮ್ಮಿಗೆ ಬಂದರೆ ಕಂಡದ್ದನ್ನೆಲ್ಲ ಸುಡುತ್ತಿದ್ದ. ಇನ್ನೊಬ್ಬರು ತಮ್ಮ ದೇವರಿಗೆ ಮಣ್ಣಮ್ಮ ಎಂದು ಹೆಸರಿಟ್ಟುಕೊಂಡಿದ್ದರು. ಅವರು ಯಾರೆಂದು ನಮಗೆ ಗೊತ್ತಿರಲಿಲ್ಲ. ಮಿಕ್ಕ ದೇವರುಗಳು ಸಿಡಿಲು, ಸೈನ್ಯ ಎಂದು ಕೂಗಾಡುತ್ತಿದ್ದರೆ ಮಣ್ಣಮ್ಮನ ಜನ ಕೆರೆ ತೋಡುತ್ತಿದ್ದರು, ಬೀಜ ಒಣಗಿಸುತ್ತಿದ್ದರು, ಹೊಸ ಸೊಸೆಗೆ ಮುದ್ದೆ ತಿರುವಲು ಕಲಿಸುತ್ತಿದ್ದರು. ಮೊದಮೊದಲು ನಾವು ಗೇಲಿ ಮಾಡಿದೆವು. ಆಮೇಲೆ ನಾನು ಭಾನುವಾರ ಎದ್ದೊಡನೆ ಮೊದಲು ಓದುತ್ತಿದ್ದದ್ದು ಅವರು ಬರೆದದ್ದನ್ನೇ.

ಒಂದು ವಾರ ಬೆಂಕಿದೇವ ಮಣ್ಣಮ್ಮನ ಊರಿಗೆ ಬೆಂಕಿ ಇಟ್ಟ. ಕವಡೆ ಚೆಲ್ಲಿದೆ. ನಾಲ್ಕೂ ಬೋರಲು. ಎಂಟು. ಊರು ಪೂರ್ತಿ ಬೂದಿ. ಜನ ಹೋದ ಮೇಲೆ ದೇವರೂ ಆಟದಿಂದ ಹೊರಗೆ ಎಂದು ನಿಯಮ ಬರೆದವನೂ ನಾನೇ. ಮುಂದಿನ ಭಾನುವಾರ ಆ ಕೆರೆ, ಆ ಸೊಸೆ ಯಾವುದೂ ಇರುವುದಿಲ್ಲ ಅನ್ನಿಸಿತು. ‘ಎರಡು ಬಿತ್ತು, ಎರಡು ಗುಡಿಸಲು ಮಾತ್ರ ಸುಟ್ಟವು’ ಎಂದು ಬರೆದುಬಿಟ್ಟೆ.

ಅದುವರೆಗೆ ಯಾರೂ ಕೇಳದಿದ್ದದ್ದನ್ನು ಅಂದೇ ನಾಗರಾಜ ಕೇಳಿದ. “ಗುರು, ಕವಡೆದು ಒಂದ್ ಫೋಟೋ ಹಾಕು, ನೋಡೋಣ.”

ಎರಡನ್ನು ಬಾಯಿ ಮೇಲೆ, ಎರಡನ್ನು ಬೋರಲು ಇಟ್ಟು ಫೋಟೋ ತೆಗೆದು ಹಾಕಿದೆ. ನಾಗರಾಜ ನಂಬಿದ. ಅರ್ಧ ಗಂಟೆಯಲ್ಲಿ ಮಣ್ಣಮ್ಮ ನನಗೊಬ್ಬನಿಗೇ ಬರೆದರು:

“ಸ್ವಾಮಿ, ಚೌಕಾಬಾರ ನಾನೂ ಆಡಿದೀನಿ. ಚೆಲ್ಲಿದ ಕವಡೆ ಪೂಜೆಗೆ ಜೋಡಿಸಿದ ಹಾಗೆ ಸಾಲಾಗಿ ಕೂತ್ಕೊಳ್ಳಲ್ಲ. ನಿಜವಾಗ್ಲೂ ಎಷ್ಟು ಬಿತ್ತು?”

ನಮ್ಮ ನಡುಮನೆಯ ನೆಲ ಬಚ್ಚಲಿನ ಕಡೆಗೆ ಕೊಂಚ ಇಳಿಜಾರು. ಕವಡೆಗಳು ಅಲ್ಲಿ ಯಾವತ್ತೂ ದಿಕ್ಕಾಪಾಲಾಗಿಯೇ ಬೀಳುತ್ತಿದ್ದವು. ಮೋಸ ಮಾಡಲೂ ಅಚ್ಚುಕಟ್ಟು ಬೇಕೆಂದುಕೊಂಡ ನನ್ನ ಬುದ್ಧಿಗೆ ಏನು ಹೇಳಲಿ! ಎಂಟು ಎಂದು ಒಪ್ಪಿಕೊಂಡೆ.

“ಹಾಗಾದ್ರೆ ಎಂಟು ಅಂತಲೇ ಬರೀರಿ. ನನ್ನ ಜನ ಸುಟ್ಟುಹೋದ್ರೆ ಅದೂ ಒಂದು ಕಥೆ. ನೀವು ಸುಳ್ಳು ಹೇಳಿ ಉಳಿಸಿದ್ರೆ ಇನ್ಮೇಲೆ ಇಲ್ಲಿ ಯಾರ ಕಥೆನೂ ಯಾರೂ ನಂಬಲ್ಲ.”

ಎಲ್ಲರೆದುರು ತಪ್ಪೊಪ್ಪಿಗೆ ಬರೆದೆ. ಇಬ್ಬರು ದೇವರುಗಳು ಅಂದೇ ಆಟ ಬಿಟ್ಟರು. ನಾಗರಾಜ ಸ್ಕೂಟರಿನಲ್ಲಿ ಬಂದವನು ಒಳಗೂ ಬರದೆ ಗೇಟಿನ ಹತ್ತಿರವೇ ನಿಂತು, “ನನ್ಗೇ ಹಿಂಗ್ ಮಾಡ್ಬಿಟ್ಯಲ್ಲೋ ಮಗಾ” ಎಂದು ಹೊರಟುಹೋದ. ಕಾಫಿ ಕೂಡ ಕುಡಿಯಲಿಲ್ಲ. ಅವನು ನಮ್ಮ ಮನೆಯ ಕಾಫಿ ಬಿಟ್ಟುಹೋದದ್ದು ಅದೊಂದೇ ಸಲ.

ಹೊರಡುವ ದೇವರು ಏನಾದರೂ ಒಂದನ್ನು ಬಿಟ್ಟುಹೋಗಬಹುದು ಎಂದೂ ನಿಯಮವಿತ್ತು. ಮಣ್ಣಮ್ಮ ಒಂದೇ ಸಾಲು ಬರೆದರು: ‘ಒಲೆಯ ಕೆಳಗೆ ಹೂತಿಟ್ಟ ಒಂದು ಗಡಿಗೆ ರಾಗಿ. ಸಿಕ್ಕಿದವರಿಗೆ.’

ಎರಡು ಭಾನುವಾರ ಫೋರಂ ಬಿಕೋ ಎನ್ನುತ್ತಿತ್ತು. ನಾನಂತೂ ಆಟ ಮುಗಿಯಿತು ಎಂದುಕೊಂಡಿದ್ದೆ. ಮೂರನೆಯ ಭಾನುವಾರ ಬೆಂಕಿದೇವ ಬರೆದ. ಸುಟ್ಟೂ ಸುಟ್ಟೂ ಅವನ ಜನಕ್ಕೆ ಉಣ್ಣಲು ಏನೂ ಉಳಿದಿರಲಿಲ್ಲವಂತೆ. ಬೂದಿ ಕೆದಕಿ ಗಡಿಗೆ ತೆಗೆದರಂತೆ, ಬಿತ್ತಿದರಂತೆ, ಪೈರು ಬಂದಾಗ ಹೊಲದ ಬದುವಿನಲ್ಲಿ ಒಂದು ಕಲ್ಲು ನೆಟ್ಟು ಮಣ್ಣಮ್ಮ ಎಂದು ಕೈಮುಗಿದರಂತೆ. ಆಮೇಲೆ ನನಗೆ ಫೋನು ಮಾಡಿದ.

“ನನ್ನ ಜನ ಪೂಜೆ ಮಾಡ್ತಿರೋ ದೇವ್ರನ್ನ ಇಲ್ಲ ಅಂತ ನೀನ್ ಹೆಂಗ್ ಹೇಳ್ತೀಯ? ವಾಪಸ್ ಕರಿ.”

ಈ ಸಲ ನಾನಾಗಿ ತೀರ್ಮಾನಿಸಲಿಲ್ಲ. ಉಳಿದವರನ್ನೆಲ್ಲ ಕೇಳಿದೆ, ಒಪ್ಪಿದರು. ನಾಗರಾಜನನ್ನು ಎದುರಿಗೆ ಕೂರಿಸಿಕೊಂಡು ಕವಡೆ ಚೆಲ್ಲಿದೆ. ಮೂರು ಬಿತ್ತು. ಮೂರು ಮನೆಯ ಊರಿನೊಂದಿಗೆ ಮಣ್ಣಮ್ಮ ಮರಳಿ ಬಂದರು. ನಾಗರಾಜ ಎರಡು ಲೋಟ ಕಾಫಿ ಕುಡಿದ.

ಮುಂದೆ ಒಮ್ಮೆ ಮಲ್ಲೇಶ್ವರದ ಹೋಟೆಲೊಂದರಲ್ಲಿ ಮೂವರೂ ಭೇಟಿಯಾದೆವು. ಮಣ್ಣಮ್ಮ ಎಂದರೆ ಸರೋಜಮ್ಮ, ಟೈಪಿಂಗ್ ಕಲಿಸಿ ನಿವೃತ್ತರಾದವರು. ಆ ಉದ್ದುದ್ದ ಬರಹಗಳಲ್ಲಿ ಒಂದೂ ಅಕ್ಷರ ತಪ್ಪಿಲ್ಲದ ಗುಟ್ಟು ಆಗ ತಿಳಿಯಿತು. ಮರುವರ್ಷ ಆ ಜಾಲತಾಣ ಮುಚ್ಚಿತು. ನಮ್ಮ ಲೋಕವೂ ಅದರ ಜೊತೆಗೇ ಹೋಯಿತು.

ಗಡಿಯಾರ ಇನ್ನೂ ನಿಂತೇ ಇದೆ. ಕವಡೆ ಸಿಕ್ಕಿದ ಕೂಡಲೇ ನಾಗರಾಜನಿಗೆ ಫೋನು ಮಾಡಿದೆ, ಅವನು ಸರೋಜಮ್ಮನಿಗೆ ಮಾಡಿದ. ಸಂಜೆಗೆ ಮೂವರ ವಾಟ್ಸಾಪ್ ಗುಂಪು ತಯಾರು. ಮೊದಲ ಸರದಿ ಮಣ್ಣಮ್ಮನದು: ‘ಕೆರೆ ತೋಡಬೇಕು.’ ಅವರಿಗೀಗ ಕಣ್ಣು ಮಂಜು, ಮೊಮ್ಮಗಳಿಂದ ಓದಿಸಿಕೊಳ್ಳುತ್ತಾರೆ, ಫೋಟೋ ಬಂದರೆ ಅವಳೇ ನೋಡಿ ಹೇಳುತ್ತಾಳೆ. ದೊಡ್ಡ ಕೆರೆಯೇ ಆಗಲಿ ಎಂದು ಬೇಡಿಕೊಂಡು ಚೆಲ್ಲಿದೆ. ಒಂದರ ಬಾಯಿ ಮೇಲೆ, ಎರಡು ಬೋರಲು, ನಾಲ್ಕನೆಯದು ಉರುಳಿಕೊಂಡು ಮಂಚದ ಕೆಳಗೆ ಸೇರಿತು. ಕೈ ಚಾಚಿ ಎಳೆದರೆ ಮಗುಚಿಕೊಳ್ಳಬಹುದಿತ್ತು, ನೋಡುವವರು ಯಾರೂ ಇರಲಿಲ್ಲ.

ಈ ವಯಸ್ಸಿನಲ್ಲಿ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಟಾರ್ಚು ಬಿಟ್ಟು ನೋಡಿದೆ. ಚಕ್ಕೆ ಎದ್ದ ಕವಡೆ, ಬೋರಲು. ಧೂಳಿನ ಸಮೇತ ಫೋಟೋ ತೆಗೆದು ಕಳಿಸಿದೆ. ಒಂದು.

ಸರೋಜಮ್ಮನ ಧ್ವನಿ ಸಂದೇಶ ಬಂತು. “ಸಾಕು ಬಿಡಿ. ಮೊದಲನೇ ಗುದ್ದಲಿ ಬಿತ್ತಲ್ಲ. ಆದ್ರೆ ಮಂಚದ ಕೆಳಗೆ ಕಸ ಗುಡಿಸಿ ಎಷ್ಟು ದಿನ ಆಯ್ತು, ಸ್ವಾಮಿ?”