ಚಹಾದ ಒಲೆಗಿಂತ ಮೊದಲು

ನಮ್ಮ ಕುಷ್ಟಗಿ ಬಸ್ಸಿನ ಕಂಡಕ್ಟರ್ ನಿವೃತ್ತರಾದ ಮೇಲೂ ಮಾತಿಗೆ ಮುಂಚೆ ಕಿವಿಯ ಮೇಲಿನ ಪೆನ್ನಿಗಾಗಿ ತಡಕುತ್ತಿದ್ದರು. ಬೇವೂರು ದಾಟಿದ ಮೇಲಿನ ಬಯಲಲ್ಲಿ ಚಹಾದಂಗಡಿ ಹಾಕುತ್ತೇನೆಂದು ನಿವೃತ್ತಿಯ ದುಡ್ಡನ್ನೆಲ್ಲ ಸುರಿದರು. ಆದರೆ ಮೊದಲು ಕಟ್ಟಿಸಿದ್ದು ಹೆಂಗಸರಿಗೊಂದು ಪಾಯಖಾನೆ. ಒಳಗೆ ಗಟ್ಟಿ ಚಿಲಕ, ದೀಪ, ತುಂಬಿದ ಬ್ಯಾರಲ್ಲು. ಚಹಾದ ಒಲೆ ಇನ್ನೂ ಬಂದಿರಲಿಲ್ಲ.

“ಊರಿಲ್ಲ, ಕೇರಿಲ್ಲ. ಇಲ್ಲಿ ಯಾರ್ ಬರ್ತಾರ್ರಿ?” ಎಂದು ಕೇಳಿದೆ.

“ತಡೀರಿ, ಹೇಳ್ತೀನಿ.” ಅವರ ಪ್ರತಿ ಮಾತಿಗೂ ಅದೇ ಪೀಠಿಕೆ. “ಬಸ್ಸಿನ್ಯಾಗ ಹೆಣ್ಮಕ್ಕಳು ನೀರ ಕುಡಿಯೂದು ನೋಡೀರೇನು? ಬಾಟ್ಲಿ ಉಡಿಯಾಗ ಇರ್ತೈತಿ, ಬಾಯಿಗೆ ಹಚ್ಚಂಗಿಲ್ಲ. ಊರು ಬರೂತನಕ ತಡಕೊಂಡು ಕುಂತಿರ್ತಾರ.”

ಆ ಬಸ್ಸಿನಲ್ಲೇ ವರ್ಷಗಟ್ಟಲೆ ಸಾಲಿಗೆ ಓಡಾಡಿದ ಮಾಸ್ತರ ನಾನು. ಒಮ್ಮೆಯೂ ನೋಡಿರಲಿಲ್ಲ.

ಮೊನ್ನೆ ಆ ಅಂಗಡಿಯ ಮುಂದೆ ನಾನಿದ್ದ ಬಸ್ಸು ನಿಂತಿತು. ಹೆಂಗಸರೆಲ್ಲ ಇಳಿದು ಹಿಂದಕ್ಕೆ ಹೋಗಿ ಬಂದರು. ಕೊನೆಗೆ ಬಂದ ಮುದುಕಿ ಬೆಂಚಿನ ಮೇಲೆ ಕುಳಿತು, ಉಡಿಯಲ್ಲಿದ್ದ ಬಾಟ್ಲಿಯ ಮುಚ್ಚಳ ತೆಗೆದು ಗಟಗಟನೆ ಅರ್ಧ ನೀರು ಕುಡಿದಳು.

ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, “ಈಗ ಒಂದ್ ಚಾ ಕೊಡಪಾ” ಎಂದಳು.